ಬಿದ್ದಾಗ ಅಮ್ಮ ಹೇಳಿದ ಮಾತು

ಮೇಷ್ಟ್ರು ದೊಡ್ಡಮ್ಮನನ್ನು ಮೊದಲು ಕಂಡದ್ದು ಹೆರಿಗೆ ಆಸ್ಪತ್ರೆಯಲ್ಲಿ, ಹೊದಿಕೆಗಳನ್ನು ಒಟ್ಟಿದ ಕೋಣೆಯೊಂದರಲ್ಲಿ. ಬೆಳಗಿನ ಹತ್ತು ಗಂಟೆ; ನಡುವೆ ಒಂದು ಮೇಜು, ಒಂದು ಸ್ಟೂಲು. ಹೆರಿಗೆ ಕೋಣೆಯಲ್ಲಿ ಇನ್ನು ಇಂಗ್ಲಿಷ್ ಬಲ್ಲ ಆಯಾಗಳೇ ಇರಬೇಕು, ಉಳಿದವರು ಬಟ್ಟೆ ಒಗೆಯುವ ಕಡೆಗೆ ಹೋಗಬೇಕು ಎಂದು ಹೊಸ ಆಡಳಿತದ ಅಪ್ಪಣೆ. ನಿವೃತ್ತ ಇಂಗ್ಲಿಷ್ ಮೇಷ್ಟ್ರನ್ನು ಪರೀಕ್ಷೆಗೆಂದು ಕರೆಸಿದ್ದರು.

ಇಪ್ಪತ್ತಾರು ವರ್ಷ ಅಲ್ಲೇ ಆಯಾ ಆಗಿ ದುಡಿದ, ಎಲ್ಲರೂ ದೊಡ್ಡಮ್ಮ ಎನ್ನುವ ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಮೊದಲ ಪ್ರಶ್ನೆಗೆ "ಎಸ್ ಸಾರ್." ಎರಡನೆಯದಕ್ಕೂ "ಎಸ್ ಸಾರ್." ಮೂರನೆಯದಕ್ಕೆ ನಕ್ಕುಬಿಟ್ಟರು.

"ಅಷ್ಟೇ ಮೇಷ್ಟ್ರೇ. ಇನ್ನು ಕೊಡ ಎಷ್ಟು ಬಗ್ಗಿಸಿದ್ರೂ ಹನಿ ಬೀಳಲ್ಲ."

"ಮನೇಲಿ ಏನು ಮಾತಾಡ್ತೀರಮ್ಮ?"

"ಗಂಡನ ಹತ್ರ ಒಂದು, ಅತ್ತೆ ಹತ್ರ ಒಂದು, ಸೊಸೆ ಹತ್ರ ಅವಳದು. ಬೈಯೋಕೆ ಮಾತ್ರ ನನ್ನ ತವರಿನದು. ಯಾರಿಗೂ ಅರ್ಥ ಆಗಲ್ಲ, ಮನೆ ತಣ್ಣಗಿರುತ್ತೆ!"

ಮೇಷ್ಟ್ರು ನಗುತ್ತಿರುವಾಗಲೇ ಪಕ್ಕದ ಹೆರಿಗೆ ಕೋಣೆಯಿಂದ ಚೀರಾಟ ಕೇಳಿಸಿತು. ದೊಡ್ಡಮ್ಮ ಎದ್ದೇಬಿಟ್ಟರು. "ವಕೀಲಮ್ಮ. ಬೆಳಗ್ಗೆ ಡಾಕ್ಟರ್ ಹತ್ರ ಅರಳು ಹುರಿದ ಹಾಗೆ ಇಂಗ್ಲಿಷ್ ಮಾತಾಡಿದ್ರು. ಈಗ ಕೇಳಿ."

ವಕೀಲಮ್ಮ ಯಾವುದೋ ದೂರದ ಭಾಷೆಯಲ್ಲಿ ಗೋಳಿಡುತ್ತಿದ್ದರು. ನರ್ಸುಗಳಿಗೆ ತಲೆಬುಡ ತಿಳಿಯದು. ಅಷ್ಟರಲ್ಲಿ ದೊಡ್ಡಮ್ಮನ ದನಿ: ಅದೇ ಭಾಷೆ, ನಾಲ್ಕೇ ಪದ, ಮತ್ತೆ ಮತ್ತೆ. ಗೋಳು ಇಳಿಯುತ್ತ ಇಳಿಯುತ್ತ ಬರೀ ಉಸಿರಾಯಿತು. ಪರದೆಯ ಈಚೆ ನಿಂತು ಮೇಷ್ಟ್ರು ಕೇಳಿಸಿಕೊಂಡರು.

ಮಗು ಅತ್ತ ಮೇಲೆ ದೊಡ್ಡಮ್ಮ ಮತ್ತೆ ಸ್ಟೂಲಿಗೆ ಬಂದರು.

"ಆ ಭಾಷೆ ಎಲ್ಲಿ ಕಲಿತ್ರಿ?"

"ಭಾಷೆ ಎಲ್ಲಿ ಬರುತ್ತೆ? ಹೆರಿಗೆಗೆ ಸೇರಿದವರನ್ನ ಅವತ್ತೇ ಕೇಳಿಡ್ತೀನಿ, ಚಿಕ್ಕವರಿದ್ದಾಗ ಬಿದ್ರೆ ನಿಮ್ಮಮ್ಮ ಏನಂತಿದ್ರು ಅಂತ. ಅದನ್ನ ಬಾಯಿಪಾಠ ಮಾಡ್ತೀನಿ. ಹದಿನಾಲ್ಕು ಭಾಷೇಲಿ ಬರುತ್ತೆ. ನಿಮ್ಮಮ್ಮ ಏನಂತಿದ್ರು?"

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಏಳು ನನ್ನ ರಾಜ, ಈ ನೆಲಕ್ಕೇ ಎರಡು ಬಿಗೀತೀನಿ..."

ಸುಳ್ಳು ಅಂಕ ಹಾಕಿ ಅವರಿಗೆ ಅಭ್ಯಾಸವಿಲ್ಲ. ಇಂಗ್ಲಿಷಿಗೆ ಐವತ್ತಕ್ಕೆ ಎರಡು ಕೊಟ್ಟರು. ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಕಾಲಂ ಎಳೆದು, ‘ನೋವಿನಲ್ಲಿರುವವರಿಗೆ ಸಮಾಧಾನ ಹೇಳಬಲ್ಲ ಭಾಷೆಗಳು: ಹದಿನಾಲ್ಕು. ಪರೀಕ್ಷಕನಿಗೆ ಬರುವುದು: ಒಂದು’ ಎಂದು ಬರೆದು, ನರ್ಸು-ಆಯಾಗಳ ಮೇಲ್ವಿಚಾರಕಿ ಮೇಟ್ರನ್ನರ ಕೈಗೆ ತಾವೇ ಒಯ್ದು ಕೊಟ್ಟರು. ಮೇಟ್ರನ್ ಎರಡು ಸಲ ಓದಿದರು, ವಕೀಲಮ್ಮನನ್ನೂ ವಿಚಾರಿಸಿದರು, ಒಗೆಯುವ ಕಡೆಯ ಪಟ್ಟಿಯಿಂದ ದೊಡ್ಡಮ್ಮನ ಹೆಸರು ಹೊಡೆದುಹಾಕಿದರು.

ಈಗ ಆಸ್ಪತ್ರೆಗೆ ಸೇರುವವರ ಫಾರಮ್ಮಿನಲ್ಲೇ ದೊಡ್ಡಮ್ಮನ ಆ ಪ್ರಶ್ನೆ ಅಚ್ಚಾಗಿದೆ. ಮೊನ್ನೆ, ಹುಟ್ಟಿದಾಗಿನಿಂದ ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಬೆಳೆದ ಹುಡುಗಿಯೊಬ್ಬಳು ಸೇರಿದಳು. ದೊಡ್ಡಮ್ಮ ಮೇಷ್ಟ್ರಿಗೆ ಫೋನು ಮಾಡಿದರು.

"ಮೇಷ್ಟ್ರೇ, ಅವಳಮ್ಮ ‘ಅಪ್ಸಿ ಡೈಸಿ’ ಅಂತಿದ್ರಂತೆ. ಏನು ಹಾಗಂದ್ರೆ?"

"ಅರ್ಥ ಅಂತ ಏನೂ ಇಲ್ಲಮ್ಮ. ಬಿದ್ದ ಮಗೂನ ಎತ್ತುವಾಗ ಇಂಗ್ಲಿಷಿನವರು ಅನ್ನೋದು."

"ಇರ್ಲಿ ಬಿಡಿ. ಹೆರಿಗೆ ಹೊತ್ತಿಗೆ ನಾಲಿಗೆ ಮೇಲೆ ಕೂತ್ರೆ ಸಾಕು."

ಹೊದಿಕೆ ಮಡಿಸುತ್ತ ದೊಡ್ಡಮ್ಮ ಅದನ್ನೀಗ ಬಾಯಿಪಾಠ ಮಾಡುತ್ತಿದ್ದಾರೆ.