ಗೂಡು ಕಟ್ಟಲೊಲ್ಲದ ಹುಳುಗಳು

ನಮ್ಮ ಬೀದಿಯ ಹುಳದಕ್ಕನನ್ನು ತಕ್ಕಡಿಗಿಟ್ಟರೆ ಮೈ ಹಗುರ, ಬಾಯಿ ಭಾರ. ಚೌಕಾಸಿಗೆ ನಿಂತ ವ್ಯಾಪಾರಿ ಬೆವರದೆ ಹೋದದ್ದಿಲ್ಲ. ಹಿಂದಿನ ಕೋಣೆಯಲ್ಲಿ ಅವಳು ರೇಷ್ಮೆಹುಳು ಸಾಕುತ್ತಾಳೆ.

ಹುಳುವಿನ ಮೈಯಲ್ಲಿ ಎಳೆತನ ಕಾಯುವ ಒಂದು ಹಾರ್ಮೋನಿದೆ. ಅದು ಇಳಿದ ಮೇಲೆಯೇ ಹುಳು ತಿನ್ನುವುದು ಬಿಟ್ಟು ಗೂಡು ಕಟ್ಟುತ್ತದೆ. ಹೊರಗಿನಿಂದ ಅದನ್ನೇ ತುಸು ಸಿಂಪಡಿಸಿದರೆ ಹುಳು ಇನ್ನಷ್ಟು ತಿಂದು ದಪ್ಪ ಗೂಡು ಕಟ್ಟುತ್ತದೆ. ಈ ಸಲ ಬೆಳಿಗ್ಗೆ ಗಂಡ ಸಿಂಪಡಿಸಿದ್ದ. ಅದು ಗೊತ್ತಿಲ್ಲದೆ ಸಂಜೆ ಅಕ್ಕನೂ ಸಿಂಪಡಿಸಿದಳು. ಗೂಡಿನ ಹೊತ್ತು ಮೀರಿದರೂ ಹುಳುಗಳು ಮೇಯುತ್ತಲೇ ಇದ್ದವು. ತೋಟದ ಹಿಪ್ಪುನೇರಳೆ ಸೊಪ್ಪು ತಳ ಕಂಡಿತ್ತು. ಅದು ಮುಗಿದರೆ ಗೂಡಿನ ಬೆಳೆಯೇ ಹಾಳು.

"ಥೇಟ್ ನಿಮ್ಮ ಹಾಗೇ. ತಿನ್ನೋದು ಗೊತ್ತು, ದೊಡ್ಡವರಾಗೋದು ಗೊತ್ತಿಲ್ಲ," ಎಂದಳು ಗಂಡನಿಗೆ.

"ಸಾಕಿದ್ದು ನೀನೇ ಅಲ್ವೇನೆ?" ಎಂದ ಅವನು.

ಮಾಗಲು ಅಪ್ಪಣೆ ಕೊಡುವ ಇನ್ನೊಂದು ಹಾರ್ಮೋನಿದೆ. ಉಳಿದ ಸೊಪ್ಪಿಗೆ ಅದನ್ನು ಚಿಮುಕಿಸಿ ಅಕ್ಕ ಹುಳುಗಳಿಗೆ ಹಾಕಿದಳು, ಈ ಸಲ ಗಂಡನ ಕಣ್ಣೆದುರೇ. ಮರುದಿನ ಹುಳುಗಳೆಲ್ಲ ಸೊಪ್ಪು ಬಿಟ್ಟು ತಲೆಯೆತ್ತಿ, ಒಟ್ಟಿಗೇ ನೂಲು ಬಿಡತೊಡಗಿದವು. ಅಕ್ಕ ನಗು ತಡೆಯಲಾರದೆ ಗಂಡನ ಬೆನ್ನಿಗೊಂದು ಗುದ್ದಿದಳು. ಗೂಡುಗಳೋ, ಒಂದೊಂದೂ ಅಂಗೈ ತುಂಬುವಂತಿದ್ದವು.

ದಪ್ಪ ಗೂಡೆಂದರೆ ಅದೃಷ್ಟ ಎಂದುಕೊಂಡೇ ಇಷ್ಟು ಕಾಲ ಗೂಡು ಕೊಂಡವನು ನಾನು. ಅದರ ಹಿಂದೆ ಹುಳು ಎಳೆಯದಾಗಿಯೇ ಉಳಿದು ಮೇಯ್ದ ದಿನಗಳಿವೆ ಎಂಬ ತಿಳಿವಳಿಕೆಗಾಗಿ ಹುಳದಕ್ಕನಿಗೆ ಋಣಿಯಾಗಿದ್ದೇನೆ.