ಮೇಕೆ ಹಾಲಿನ ಮೊಸರು ಮತ್ತು ಒಂದು ಮೆಣಸಿನ ತೊಟ್ಟು

ಗೆಳೆಯರೇ, ಕಾಯಿಸದ ಮೇಕೆ ಹಾಲಲ್ಲಿ ಗಟ್ಟಿ ಮೊಸರು ಮಾಡಬಲ್ಲವನು ಕುಶಾಲನಗರದ ಈಚೆಗೆ ನಾನೊಬ್ಬನೇ ಎಂದು ನಿನ್ನೆ ಮನೆಯಲ್ಲಿ ಹೇಳಿಬಿಟ್ಟೆ.

ನನ್ನ ಹೆಂಡತಿ ಸಾವಿತ್ರಿ ಬಿಡುತ್ತಾಳೆಯೇ? "ಆಗ್ಲಿಲ್ಲ ಅಂದ್ರೆ ನಿಮ್ಮ ಮೇಕೆ ಗಾಳಿಬೀಡಿಗೆ, ನಮ್ಮಣ್ಣನ ಮನೆಗೆ ಹೋಗ್ಬೇಕು. ಆಯ್ತಾ?" ಎಂದು ಪಂಥ ಕಟ್ಟಿದಳು. ಹೋದ ವಾರ ಮೇಕೆ ಅವಳ ಮೆಣಸಿನ ಗಿಡಗಳನ್ನೆಲ್ಲ ಬುಡದವರೆಗೆ ಮೇದಿತ್ತು. ಆ ಸಿಟ್ಟು.

ಹಸಿ ಹಾಲಿಗೆ ಹೆಪ್ಪು ಹಾಕಿ, ಕಂಬಳಿ ಸುತ್ತಿ, ಪಾತ್ರೆಯನ್ನು ಬಚ್ಚಲೊಲೆಯ ಪಕ್ಕ ಇಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ ನೀರು ನೀರು. ನಮ್ಮ ಚಳಿಗೆ ಹೆಪ್ಪೇ ಹಿಡಿದಿಲ್ಲ. ಅದನ್ನು ನಾಯಿಗೆ ಸುರಿದು, ಪಕ್ಕದ ಮನೆ ಪುಟ್ಟಕ್ಕನ ಹತ್ತಿರ ಒಂದು ಬಟ್ಟಲು ಹಸುವಿನ ಮೊಸರು ತಂದು ಅದೇ ಪಾತ್ರೆಗೆ ಮೆಲ್ಲಗೆ ಜಾರಿಸಿದೆ.

ಸಾವಿತ್ರಿ ರೊಟ್ಟಿಗೆ ಎರಡು ಸಲ ಹಾಕಿಕೊಂಡಳು.

"ಹೆಂಗೈತೆ?" ಎಂದೆ ಮೀಸೆ ತಿರುವಿ.

"ಚೆನ್ನಾಗೈತೆ ಕಣ್ರೀ. ಮೇಕೆ ವಾಸ್ನೆನೇ ಇಲ್ಲ" ಎನ್ನುತ್ತಾ ಬಾಯಿಂದ ಹಸಿಮೆಣಸಿನ ತೊಟ್ಟೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು. ಹೆಪ್ಪಿನ ಜೊತೆ ಮೆಣಸಿನ ತೊಟ್ಟು ಹಾಕುವುದು ಪುಟ್ಟಕ್ಕನ ಪದ್ಧತಿ.

"ನಾನೇ ಹಾಕಿದ್ದು" ಎಂದೆ.

"ಹೌದಾ? ಯಾವ ಗಿಡದ್ದು? ನಿಮ್ಮ ಮೇಕೆ ಒಂದಾದ್ರೂ ಉಳಿಸೈತಾ?"

ಮೇಕೆ ಭಾನುವಾರ ಗಾಳಿಬೀಡಿಗೆ ಹೊರಡುತ್ತದೆ. ಭಾವನ ಹಿತ್ತಿಲಲ್ಲೂ ಮೆಣಸಿನ ಗಿಡ ಸೊಗಸಾಗಿ ಬಂದಿದೆ. ವಾರದೊಳಗೆ ಅವರೇ ಜೀಪಿನಲ್ಲಿ ವಾಪಸ್ ತಂದು ಬಿಡುತ್ತಾರೆ, ಬೇಕಾದರೆ ಪಂಥ.