ಕುರ್ಚಿಯ ನಂಬರು

ಪಾರ್ಶ್ವವಾಯು ಹೊಡೆದು ಅವ್ವನ ಮಾತು ನಿಂತುಹೋದಾಗ ನಮಗೆ ಉಳಿದದ್ದು ನನ್ನ ಮಗಳು ಹಿಂದೆಂದೋ ರೆಕಾರ್ಡ್ ಮಾಡಿಟ್ಟಿದ್ದ ಅವ್ವನ ಕಥೆಗಳು. ಅವ್ವ ಧಾರವಾಡದಿಂದ ವಿಶಾಖಪಟ್ಟಣಕ್ಕೆ ಬಂದು ನಮ್ಮೊಂದಿಗಿದ್ದಾಗ ಊಟವಾದ ಮೇಲೆ ಹೇಳುತ್ತಿದ್ದ ಕಥೆಗಳವು. ಮಗಳಿಗೆ ತೆಲುಗೇ ಸಲೀಸು. ಅವಳಿಗೆ ಬರುವ ಕನ್ನಡವೆಲ್ಲ ಅಜ್ಜಿಯಿಂದ ಬಂದದ್ದು. ರೆಕಾರ್ಡಿಂಗುಗಳು ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಆನ್‌ಲೈನ್ ಖಾತೆಯಲ್ಲಿ, ನನ್ನ ಹೆಸರಿನಲ್ಲಿದ್ದವು. ನಾನು ಬ್ಯಾಂಕಿನವನು. ಖಾತೆಯಲ್ಲಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ.

ವಿಜಯವಾಡಕ್ಕೆ ವರ್ಗವಾಗಿ, ಅಲ್ಲಿಯ ಪಟಮಟದಲ್ಲಿ ಮನೆ ಹಿಡಿದು ಅವ್ವನನ್ನೂ ಕರೆತಂದ ಮೇಲೆ ನನ್ನ ಫೋನ್ ಕೆಟ್ಟಿತು. ಹೊಸ ಫೋನಿನಲ್ಲಿ ಖಾತೆ ತೆರೆಯಲು ಹೋದರೆ, ಒಟಿಪಿ ಕಳಿಸಿದ್ದೇವೆ ಎಂದಿತು. ಕಳಿಸಿದ್ದೇನೋ ನಿಜ, ವಿಶಾಖಪಟ್ಟಣಕ್ಕೆ. ನಮ್ಮ ಬ್ಯಾಂಕಿನಲ್ಲಿ ಮ್ಯಾನೇಜರನ ಮೊಬೈಲ್ ನಂಬರು ಆ ಕುರ್ಚಿಗೆ ಸೇರಿದ್ದು. ವರ್ಗವಾದಾಗ ಕೀಲಿಕೈ, ಸೀಲುಗಳ ಜೊತೆ ಸಿಮ್ಮನ್ನೂ ಮುಂದಿನವರಿಗೆ ಒಪ್ಪಿಸಿ ಬರಬೇಕು. ಸದಾ ಜೇಬಿನಲ್ಲಿರುತ್ತಿದ್ದ ಆ ನಂಬರನ್ನೇ ನಾನು ಕಂಪನಿಗೆ ನನ್ನದೆಂದು ಕೊಟ್ಟುಬಿಟ್ಟಿದ್ದೆ. ವರ್ಗಾವಣೆಯ ನೌಕರಿಯವರು ಮಾತ್ರ ಮಾಡಬಲ್ಲ ಪೆದ್ದತನ.

ನನ್ನ ಜಾಗಕ್ಕೆ ಬಂದಿದ್ದ ಮ್ಯಾನೇಜರಿಗೆ ಫೋನ್ ಮಾಡಿದೆ. ತೆಲುಗಿನಲ್ಲಿ, “ಚೆಪ್ಪಂಡಿ ಸಾರ್,” ಹೇಳಿ ಎಂದು ವಿಷಯ ಕೇಳಿ, ಒಟಿಪಿ ಓದಿ ಹೇಳಿದರು. ಹಾಕಿದೆ. ಇದು ನೀವೇ ಎಂದು ಖಚಿತವಾಗಲಿಲ್ಲ ಎಂದಿತು ಕಂಪನಿ.

ಸಹಾಯ ಕೇಳಿದರೆ ಯಂತ್ರ ಉತ್ತರಿಸಿತು. ಏನು ಬರೆದರೂ ಅದೇ ಉತ್ತರ, ತಿರುಗಿಸಿ ಮುರುಗಿಸಿ. ಮನುಷ್ಯರ ಜೊತೆ ಮಾತಾಡಬೇಕಾದರೆ ದುಬಾರಿ ಪ್ಲಾನ್ ಕೊಳ್ಳಬೇಕಂತೆ. ಅದರ ದರವನ್ನೂ ಆಗಷ್ಟೇ ಏರಿಸಿದ್ದರು. ನಮ್ಮ ಶಾಖೆಯಲ್ಲಿ ಖಾತೆಯಲ್ಲಿ ಬಿಡಿಗಾಸಿಲ್ಲದವರೂ ಎದುರಿಗೆ ಕೂತು ನನ್ನನ್ನು ಬೈದು ಹೋಗುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಕೊನೆಗೆ ಹೆಂಡತಿಯ ಹೆಸರಿನಲ್ಲಿ ಬೇರೆ ಖಾತೆ ತೆರೆದು, ಹಲ್ಲು ಕಚ್ಚಿಕೊಂಡು ದುಡ್ಡು ಕಟ್ಟಿದೆ. ಫೋನಿಗೆ ಸಿಕ್ಕ ಹುಡುಗಿ ಇಂಗ್ಲಿಷಿನಲ್ಲಿ ಬಹಳ ಮರುಗಿ, ಮೊದಲು ಬಳಸುತ್ತಿದ್ದ ಜಾಗದಿಂದಲೇ ಪ್ರಯತ್ನಿಸಿ ನೋಡಿ ಎಂದಳು. ಫೋನಿಟ್ಟ ಕೂಡಲೇ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ ಬಂತು. ಒಂದು ಕೊಟ್ಟು, ಕೆಳಗಿನ ಚೌಕದಲ್ಲಿ ಅವ್ವನ ವಿಷಯವನ್ನೆಲ್ಲ ಬರೆದೆ. ಯಾರಾದರೂ ಓದುವಷ್ಟು ಹೊತ್ತೂ ಕಳೆದಿರಲಿಲ್ಲ, ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು.

ರಜೆ ಹಾಕಿ ರೈಲು ಹತ್ತಿದೆ. ವಿಶಾಖಪಟ್ಟಣದ ಶಾಖೆಯಲ್ಲಿ ಆ ಮ್ಯಾನೇಜರ್ ನಗುತ್ತ ಎದ್ದು ನಿಂತು, “ಕೂರ್ಚೋಂಡಿ ಸಾರ್,” ಎಂದು ನನ್ನನ್ನು ಹಳೆಯ ಕುರ್ಚಿಯಲ್ಲೇ ಕೂರಿಸಿ, ಆ ಸಿಮ್ ಇದ್ದ ಫೋನನ್ನು ಕೈಗಿಟ್ಟರು. ಅದರಲ್ಲಿ ಖಾತೆ ತೆರೆಯಿತು. ಅಲ್ಲೇ ಕೂತು ನಂಬರು ಬದಲಿಸಿ, ರೆಕಾರ್ಡಿಂಗುಗಳನ್ನೆಲ್ಲ ನನ್ನ ಫೋನಿಗೆ ಇಳಿಸಿಕೊಂಡೆ. ಅಷ್ಟರಲ್ಲಿ ಒಳಬಂದ ಗ್ರಾಹಕರೊಬ್ಬರು ನಾನೇ ಮ್ಯಾನೇಜರೆಂದು ಪಾಸ್‌ಬುಕ್ಕನ್ನು ನನ್ನ ಮುಂದಿಟ್ಟರು.

ಮನೆಗೆ ಬಂದ ಮೇಲೆ ಮಗಳು ಅಜ್ಜಿಯ ಪಕ್ಕ ಕೂತು ಒಂದು ಕಥೆ ಹಚ್ಚಿದಳು. ಅವ್ವ ತನ್ನ ದನಿಯನ್ನು ಸ್ವಲ್ಪ ಹೊತ್ತು ಕೇಳಿ, ಸ್ವಾಧೀನವಿದ್ದ ಎಡಗೈಯಿಂದ ಫೋನನ್ನು ಆಚೆ ಸರಿಸಿಬಿಟ್ಟಳು. ಇಷ್ಟೆಲ್ಲ ಒದ್ದಾಡಿ ತಂದದ್ದು ಅವಳನ್ನು ನೋಯಿಸಲಿಕ್ಕೇ ಆಯಿತೇನೋ ಎನಿಸಿತು.

ಮಗಳು ಫೋನ್ ಆರಿಸಿದಳು. “ಹೋಗ್ಲಿ ಬಿಡಜ್ಜಿ, ನಾನ ಹೇಳ್ತೀನಿ. ಆಡು ಬಂತು. ಅತ್ಯಾನ ಮದಿವಿ ಸೀರಿ ತಿಂದ್‌ಬಿಡ್ತು. ಮಂಗಳಗಿರಿ ಸೀರಿ...”

ಅವ್ವ ಜೋರಾಗಿ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಬಾಯಿ ತೆರೆದಳು. “ಇ...” ಎಂದಳು. ಮತ್ತೊಮ್ಮೆ, “ಇ... ಳ...”

“ಇಳಕಲ್ ಸೀರ್ಯಾ ಅಜ್ಜಿ?”

ಅವ್ವ ಹೌದೆಂದು ತಲೆಯಾಡಿಸಿ, ಮುಂದೆ ಹೇಳು ಎಂದು ಕೈ ಮಾಡಿದಳು.